ಸ್ಟಾಕಿಲ್ಲದ ಅಂಗಡಿಯವರಿಗೆ

ಕುವೆಂಪುನಗರದ ಮನೆಯ ಮಹಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಡಿಸೈನ್ ಮಾಡುವವರಿಗೆ, ಕಾವಾ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು ಈಗ ಇನ್‌ಸ್ಟಾಗ್ರಾಮಿನಲ್ಲಿ ಅಂಗಡಿ ತೆರೆದವರಿಗೆ, ಶಿವರಾಂಪೇಟೆಯ ಕಿರುಕೋಣೆಯಲ್ಲಿ ಹೀಟ್ ಪ್ರೆಸ್ ಇಟ್ಟುಕೊಂಡವರಿಗೆ, ಒಟ್ಟಿನಲ್ಲಿ ಆರ್ಡರ್ ಬಂದ ಮೇಲೆ ಬಟ್ಟೆಗೆ ಅಚ್ಚು ಹಾಕಿಸಿ ಮಾರುವ ಮೈಸೂರಿನ ಎಲ್ಲರಿಗೂ ಈ ಪತ್ರ.

ನಾನು ವ್ಯಾಪಾರಸ್ಥನಲ್ಲ. ವ್ಯಾಪಾರ ಮಾಡದವನು ವ್ಯಾಪಾರಿಗೆ ಬುದ್ಧಿ ಹೇಳಬಾರದು ಎನ್ನುವುದು ಸರಿಯೇ. ಆದರೆ ದುಡ್ಡು ಕೊಟ್ಟು, ತೊಟ್ಟು, ಒಗೆದು ನೋಡಿದವನಿಗೂ ಒಂದಿಷ್ಟು ಹಕ್ಕಿರುತ್ತದಲ್ಲ, ಆ ಹಕ್ಕಿನಿಂದ ಬರೆಯುತ್ತಿದ್ದೇನೆ.

ನಿಮಗೆ ದಕ್ಕಿರುವ ಅನುಕೂಲ ಎಷ್ಟು ದೊಡ್ಡದೆಂದು ನಿಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೀರೋ ಗೊತ್ತಿಲ್ಲ. ಸ್ಕ್ರೀನ್ ಪ್ರಿಂಟಿಂಗಿನವರನ್ನು ಕೇಳಿ. ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿಯ ಚೌಕಟ್ಟು. ಫಿಲಂ ತೆಗೆಸಿ, ಎಮಲ್ಷನ್ ಬಳಿದು, ಬೆಳಕಿಗೆ ಒಡ್ಡಿ, ತೊಳೆದು, ಬಣ್ಣದ ಮೇಲೆ ಬಣ್ಣ ತಪ್ಪದೆ ಕೂರುವಂತೆ ಗುರುತು ಕೂಡಿಸುವಷ್ಟರಲ್ಲಿ ಹೊತ್ತು ಏರಿರುತ್ತದೆ. ಆ ಖರ್ಚು ನಾಲ್ಕು ಅಂಗಿಗಾದರೂ ಅಷ್ಟೇ, ನಾನೂರಕ್ಕಾದರೂ ಅಷ್ಟೇ. ಹಾಗಾಗಿ ನಾಲ್ಕು ಅಂಗಿ ಯಾರೂ ಮಾಡುತ್ತಿರಲಿಲ್ಲ. ದೇವರಾಜ ಅರಸು ರಸ್ತೆಯ ವ್ಯಾಪಾರಿ ಇನ್ನೂರು ಅಂಗಿ ಮಾಡಿಸಿ, ಮೀಡಿಯಂ ಎಷ್ಟು, ಲಾರ್ಜ್ ಎಷ್ಟು ಎಂದು ಊಹಿಸಿ, ದಸರೆ ಮುಗಿದ ಮೇಲೆ ಉಳಿದ ಡಬಲ್ ಎಕ್ಸೆಲ್ ಕಟ್ಟನ್ನು ಅಟ್ಟಕ್ಕೇರಿಸುತ್ತಿದ್ದ. ಇಂಕ್‌ಜೆಟ್ ಕಾಗದ ಬಿಟ್ಟು ಬಟ್ಟೆಗೆ ಬಂದದ್ದೇ ಈ ಲೆಕ್ಕ ತಲೆಕೆಳಗಾಯಿತು. ಮೊದಲನೆಯ ಅಂಗಿಗೆ ತಗಲುವಷ್ಟೇ ಖರ್ಚು ನೂರನೆಯದಕ್ಕೂ. ಅಮೆರಿಕದ ಡರ್ಹಮ್ ಊರಿನ ಸ್ಪೂನ್‌ಫ್ಲವರ್ 2008ರಲ್ಲಿ, ನಿಮ್ಮದೇ ಚಿತ್ರ ಕಳಿಸಿ, ಒಂದೇ ಗಜ ಬಟ್ಟೆಯಾದರೂ ಅಚ್ಚು ಹಾಕಿ ಕೊಡುತ್ತೇವೆ ಎಂದು ಶುರು ಮಾಡಿತು. ಇವತ್ತು ತಿರುಪ್ಪೂರಿನಲ್ಲಿ, ಚೆನ್ನೈಯಲ್ಲಿ, ಬೆಂಗಳೂರಿನಲ್ಲಿ ಅದೇ ಕೆಲಸ ನಡೆದಿದೆ. ನೀವು ಡಿಸೈನ್ ಏರಿಸುತ್ತೀರಿ, ದಾವಣಗೆರೆಯ ಯಾರೋ ಕೊಳ್ಳುತ್ತಾರೆ, ಅಂಗಿ ತಿರುಪ್ಪೂರಿನಲ್ಲೇ ಅಚ್ಚಾಗಿ ನಿಮ್ಮ ಹೆಸರಿನ ಪೊಟ್ಟಣದಲ್ಲಿ ಅವರ ಮನೆ ಸೇರುತ್ತದೆ. ನೀವು ಅದನ್ನು ಕೈಯಲ್ಲಿ ಮುಟ್ಟಿಯೇ ಇರುವುದಿಲ್ಲ.

ಅಂದರೆ ಬಟ್ಟೆ ವ್ಯಾಪಾರದ ಬಹು ಹಳೆಯ ಭಯ, ಸರಕು ಉಳಿದುಹೋಗುವ ಭಯ, ನಿಮಗಿಲ್ಲ. ಈ ನಿರ್ಭಯದಿಂದ ನೀವು ಮಾಡುತ್ತಿರುವುದೇನು? ದೀಪ ಹಚ್ಚಿದ ಅರಮನೆ. ಅಂಬಾರಿ ಹೊತ್ತ ಆನೆ. ಗಂಡಭೇರುಂಡ. ಮತ್ತೆ ಅರಮನೆ. ನವೆಂಬರಿನಲ್ಲಿ ಕೆಂಪು ಹಳದಿ. ಆರ್‌ಸಿಬಿ 2025ರ ಜೂನ್ 3ರಂದು ಕೊನೆಗೂ ಕಪ್ ಗೆದ್ದ ಮೇಲಂತೂ ಎಲ್ಲರ ಅಂಗಡಿಯಲ್ಲೂ ಅದೇ ಘೋಷಣೆ, ಕಾಲ ಮಾತ್ರ ಬದಲಾಗಿ. ಇನ್ನೂರು ಅಂಗಿ ಮಾರಲೇಬೇಕಾಗಿದ್ದ ಆ ವ್ಯಾಪಾರಿ ಅರಮನೆಯ ಚಿತ್ರವನ್ನೇ ಹಾಕಿಸಿದ್ದರೆ ಅವನದೊಂದು ನ್ಯಾಯವಿತ್ತು. ಹನ್ನೊಂದು ಜನ ಮಾತ್ರ ಕೊಳ್ಳುವ ಚಿತ್ರವನ್ನೂ ನಷ್ಟವಿಲ್ಲದೆ ಮಾರಬಲ್ಲ ನೀವು ಯಾಕೆ ಇನ್ನೂರು ಜನರಿಗೆಂದು ಮಾಡಿದ ಚಿತ್ರವನ್ನೇ ಹಿಡಿದು ಕೂತಿದ್ದೀರಿ? ನನ್ನ ತಕರಾರು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ಸುತ್ತಲಿನ ಮಾತು.

ಹನ್ನೊಂದು ಜನ ಎಲ್ಲಿದ್ದಾರೆ ಎನ್ನುತ್ತೀರಾ? ಗೋಕುಲಂ ಕಡೆ ಒಂದು ಬೆಳಿಗ್ಗೆ ಹೋಗಿ ನೋಡಿ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ಹೆಸರು ಹಿಡಿದು ದೇಶ ದೇಶಗಳಿಂದ ಬಂದವರು ಅಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡು ಇರುತ್ತಾರೆ. ಅವರಿಗೆ ಮಾರಲು ನಮ್ಮಲ್ಲಿ ಇರುವುದು ಓಂ ಬರೆದ ಬನಿಯನ್ನು. ಓಂ ಬರೆದ ಬನಿಯನ್ನು ಋಷಿಕೇಶದಲ್ಲೂ ಸಿಗುತ್ತದೆ, ಗೋಕರ್ಣದಲ್ಲೂ ಸಿಗುತ್ತದೆ. ಮೈಸೂರಿನಲ್ಲಿ ಮಾತ್ರ ಸಿಗುವುದು ಬೇರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಸಿದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ನೇತಾಡುವವನೂ ಅಲ್ಲಿದ್ದಾನೆ. 1996ರಲ್ಲಿ ನಾರ್ಮನ್ ಶೋಮನ್ ಮೈಸೂರು ಅರಮನೆಯ ಯೋಗ ಪರಂಪರೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅವು ಅಚ್ಚಾದ ಮೇಲೆ ಯೋಗ ಕಲಿಯುವ ಜಗತ್ತು ಅವನ್ನು ಬೆರಗಿನಿಂದ ನೋಡಿತು. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. ಆ ಆಸನಗಳನ್ನು ನೋಡಿ ನಿಮ್ಮ ಕೈಯಿಂದ ಹೊಸದಾಗಿ ರೇಖೆ ಎಳೆದರೆ ಕೇಳುವವರು ಯಾರೂ ಇಲ್ಲ. ಪುಸ್ತಕದ ಪುಟವನ್ನೇ ಸ್ಕ್ಯಾನ್ ಮಾಡಿ ಅಂಗಿಗೆ ಏರಿಸಬೇಡಿ, ಅಷ್ಟೇ.

ಅದೇ ಕೌತುಕನಿಧಿಯಲ್ಲಿ ಚದ ಎನ್ನುವ, ಇಸ್ಪೀಟಿನಂಥ ಆಟದ ಎಲೆಗಳ ವಿವರವಿದೆ. ಗಂಜೀಫಾ ಆಟವನ್ನು ಮುಮ್ಮಡಿಯವರು ತಮ್ಮದೇ ರೀತಿಯಲ್ಲಿ ಬೆಳೆಸಿ 36 ಎಲೆಗಳಿಂದ ಹಿಡಿದು 360 ಎಲೆಗಳವರೆಗೆ ಹಲವು ಆಟಗಳನ್ನು ಕಟ್ಟಿದರು. ದುಂಡನೆಯ ಎಲೆ, ಅದರೊಳಗೆ ಒಂದು ದೇವತೆ ಅಥವಾ ಗ್ರಹ ಅಥವಾ ಪ್ರಾಣಿ. ಬಟ್ಟೆಯ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಏನು ಬೇಕು? ನೀವು ರಿಪೀಟ್ ಎಂದು ಕರೆಯುತ್ತೀರಲ್ಲ, ಒಂದು ಚೌಕ ಬಿಡಿಸಿ ನಾಲ್ಕೂ ದಿಕ್ಕಿಗೆ ಹೆಣೆದುಕೊಳ್ಳುವಂತೆ ಮಾಡುವುದು, ಅದಕ್ಕೆಂದೇ ಹುಟ್ಟಿದ ಹಾಗಿವೆ ಈ ಎಲೆಗಳು. ಇನ್ನೂ ಬೇಕಿದ್ದರೆ ಸೋಮನಾಥಪುರಕ್ಕೆ ಒಂದು ಬಸ್ಸು ಹಿಡಿಯಿರಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆಗೆ ವಿಶ್ವಪರಂಪರೆಯ ಪಟ್ಟಿ ಸೇರಿದ ಆ ಗುಡಿಯ ಒಂದೊಂದು ಗರ್ಭಗುಡಿಯೂ ಹದಿನಾರು ಮೂಲೆಯ ನಕ್ಷತ್ರ. ಒಳಗೆ ಕತ್ತು ಎತ್ತಿದರೆ ಒಂದೊಂದು ಅಂಕಣಕ್ಕೂ ಒಂದೊಂದು ಬಗೆಯ ಮುಚ್ಚಿಗೆ. ದೇವರ ಮೂರ್ತಿಯನ್ನು ಎದೆಯ ಮೇಲೆ ಹಾಕಿಸಿ ಜಗಳ ತಂದುಕೊಳ್ಳುವ ಬದಲು ಆ ಮುಚ್ಚಿಗೆಯ ಲೆಕ್ಕಾಚಾರವನ್ನು ಮೂರು ಮೀಟರ್ ಬಟ್ಟೆಯ ಮೇಲೆ ಹರಡಿ ನೋಡಿ.

ಮೀಟರ್ ಎಂದೆ. ಇದೂ ನನಗೆ ಅರ್ಥವಾಗದ ಸಂಗತಿ. ಡಿಜಿಟಲ್ ಅಚ್ಚು ಎಂದರೆ ನಿಮಗೆಲ್ಲ ಟೀ ಶರ್ಟೇ ಯಾಕೆ? ಮೈಸೂರಿನಲ್ಲಿ ಇನ್ನೂ ಅಳತೆ ತೆಗೆದು ಹೊಲಿಯುವ ದರ್ಜಿಗಳಿದ್ದಾರೆ. ಅಶೋಕ ರಸ್ತೆಯಲ್ಲಿ, ಮಂಡಿ ಮೊಹಲ್ಲಾದಲ್ಲಿ ಅವರ ಮಿಷನ್ನಿನ ಸದ್ದು ಇನ್ನೂ ನಿಂತಿಲ್ಲ. ರೆಡಿಮೇಡ್ ಬಂದು ಅವರ ಅರ್ಧ ಕೆಲಸ ಕಸಿದುಕೊಂಡಿತು. ನೀವು ಥಾನಿನ ಬಟ್ಟೆಗೆ ಅಚ್ಚು ಹಾಕಿಸಿ, ಅವರು ಹೊಲಿದು ಕೊಟ್ಟರೆ ಗಿರಾಕಿಗೆ ಚಿತ್ರವೂ ತನ್ನದು, ಅಳತೆಯೂ ತನ್ನದು. ಸೈಜ್ ಸರಿಯಿಲ್ಲ ಎಂದು ವಾಪಸ್ ಬರುವ ಮಾಲೂ ಕಡಿಮೆಯಾದೀತು. ಚೀನೀ ಅಳತೆಯ ಲಾರ್ಜು, ತಿರುಪ್ಪೂರಿನ ಲಾರ್ಜು, ನಮ್ಮ ಹೊಟ್ಟೆಯ ಲಾರ್ಜು ಒಂದೇ ಅಲ್ಲ ಎನ್ನುವುದು ನಿಮಗೂ ಗೊತ್ತು.

ಈಗ ಕೊಂಚ ಕಹಿ ಮಾತು. ನಿಮ್ಮಲ್ಲಿ ಬಹಳ ಜನ ಕವಿಗಳ ಸಾಲುಗಳನ್ನು ಅಂಗಿಯ ಮೇಲೆ ಹಾಕುತ್ತೀರಿ. ಕನ್ನಡದ ಸಾಲನ್ನು ಎದೆಯ ಮೇಲೆ ಹೊತ್ತು ತಿರುಗುವ ಹುಡುಗರನ್ನು ಕಂಡರೆ ನನಗೂ ಖುಷಿಯೇ. ಆದರೆ ನಮ್ಮ ಕಾಯಿದೆಯಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ನಡೆಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ. ಬೇಂದ್ರೆಯವರದು 2041ರವರೆಗೆ. ಕಗ್ಗವನ್ನು ಲೋಟ, ಅಂಗಿ, ಚೀಲ ಎಲ್ಲದರ ಮೇಲೂ ಅಚ್ಚು ಹಾಕುವವರು ಡಿವಿಜಿಯವರ ಹಕ್ಕು 2035ರವರೆಗೆ ಇದೆ ಎಂದು ತಿಳಿದಿರಲಿ. ಬಿ.ಎಂ.ಶ್ರೀ. 1946ರಲ್ಲೇ ತೀರಿಕೊಂಡವರು, ಅವರದು ಮುಗಿದಿದೆ. ಪಂಪನಿಂದ ಪುರಂದರದಾಸರವರೆಗೆ ಆರು ಶತಮಾನಗಳ ಕನ್ನಡ ಯಾರ ಅಪ್ಪಣೆಯೂ ಇಲ್ಲದೆ ನಿಮ್ಮದು. ಅಷ್ಟು ದೊಡ್ಡ ಕಣಜ ಬಿಟ್ಟು ಬೇಲಿ ಹಾರುವುದು ಯಾಕೆ? ಇಷ್ಟವಾದ ಸಾಲು ಬೇಕೇ ಬೇಕೆಂದರೆ ಹಕ್ಕುದಾರರಿಗೆ ಒಂದು ಕಾಗದ ಬರೆಯಿರಿ. ಕೇಳಿದರೆ ಕೊಡುವವರೂ ಇರುತ್ತಾರೆ.

ಸಿನಿಮಾ ನಟರ ಮುಖದ ವಿಷಯ ಇನ್ನೂ ಸೂಕ್ಷ್ಮ. ದೆಹಲಿ ಹೈಕೋರ್ಟು 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಗಳನ್ನು ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ತಡೆ ಕೊಟ್ಟಿದೆ. ರಾಜ್ಯದ ಲಾಂಛನವನ್ನು ಇದ್ದ ಹಾಗೇ ಮಾರಾಟದ ಮಾಲಿನ ಮೇಲೆ ಹಾಕುವುದಕ್ಕೂ 1950ರ ಕಾಯಿದೆಯೊಂದು ಅಡ್ಡ ಬರುತ್ತದೆ. ಬಳ್ಳಿಗಾವಿಯ ಕಂಬದ ಮೇಲೆ 1047ರಿಂದ ಕೂತಿರುವ ಗಂಡಭೇರುಂಡ ಮಾತ್ರ ಎಲ್ಲರದೂ. ಅದನ್ನು ನೋಡಿ ನೀವೇ ಬಿಡಿಸಿ.

ಇಷ್ಟರವರೆಗೆ ಹೇಳಿದ್ದು ಇತರರ ಸ್ವತ್ತಿನ ಮಾತು. ನಿಮ್ಮ ಸ್ವತ್ತನ್ನೂ ನೀವು ಕಾಯಬೇಕಲ್ಲ? ಇಲ್ಲೊಂದು ಬಾವಿ ಇದೆ, ತುಂಬ ಜನ ಕಾಣದೆ ಬೀಳುತ್ತಾರೆ. ಹಕ್ಕುಸ್ವಾಮ್ಯ ಕಾಯಿದೆಯ 15ನೇ ಸೆಕ್ಷನ್ನಿನ ಪ್ರಕಾರ, ಡಿಸೈನ್ ಎಂದು ನೋಂದಾಯಿಸಬಹುದಾದದ್ದನ್ನು ನೋಂದಾಯಿಸದೆ, ಯಂತ್ರದಿಂದ 50ಕ್ಕಿಂತ ಹೆಚ್ಚು ಸಲ ಮಾಲಿನ ಮೇಲೆ ಮೂಡಿಸಿದರೆ ಅದರ ಮೇಲಿನ ಹಕ್ಕುಸ್ವಾಮ್ಯ ಹೋಗುತ್ತದೆ. ದೆಹಲಿ ಹೈಕೋರ್ಟಿನಲ್ಲಿ ಇದೇ ವಿಷಯದ ಎರಡು ಮೊಕದ್ದಮೆಗಳು ಹೆಸರು ಮಾಡಿವೆ, ಎರಡೂ ಬಟ್ಟೆಯವೇ. ತಾಹಿಲಿಯಾನಿ ಡಿಸೈನ್ ಸಂಸ್ಥೆ ತನ್ನ ಅಚ್ಚುಗಳನ್ನು ನಕಲು ಮಾಡಿದ್ದಾರೆಂದು ಹೋದಾಗ, ಅವು 50ರ ಗೆರೆ ದಾಟಿಲ್ಲ, ಹಕ್ಕು ಉಳಿದಿದೆ ಎಂದು 2008ರಲ್ಲಿ ತೀರ್ಪಾಯಿತು. ಸೋಫಾ ಬಟ್ಟೆಯ ಅಚ್ಚುಗಳ ಬಗ್ಗೆ ಮೈಕ್ರೋಫೈಬರ್ಸ್ ಕಂಪನಿ ಹೂಡಿದ ದಾವೆಯಲ್ಲಿ 2009ರಲ್ಲಿ ಬಂದದ್ದು ಇದಕ್ಕೆ ವಿರುದ್ಧವಾದ ಫಲ. ಸಾವಿರಗಟ್ಟಲೆ ಮಾಡುವ ಕಾರ್ಖಾನೆಗೆ 50 ಎನ್ನುವುದು ಒಂದು ಬೆಳಗಿನ ಕೆಲಸ. ಒಂದೊಂದಾಗಿ ಅಚ್ಚು ಹಾಕಿಸುವ ನಿಮಗೆ ಅದು ಒಂದು ವರ್ಷದ ಲೆಕ್ಕವಾಗಬಹುದು, ಹಾಗಾಗಿ ಎಣಿಸಿಡಿ. ಓಡುತ್ತದೆ ಎಂದು ಅನ್ನಿಸಿದ ಡಿಸೈನನ್ನು ನೋಂದಾಯಿಸಿ. ವ್ಯಕ್ತಿಯಾಗಿ ಸಲ್ಲಿಸಿದರೆ ಅರ್ಜಿ ಶುಲ್ಕ 1000 ರೂಪಾಯಿ, ರಕ್ಷಣೆ ಮೊದಲು 10 ವರ್ಷ, ಆಮೇಲೆ ಇನ್ನೂ 5. ಮುಖ್ಯ ಷರತ್ತು ಒಂದು: ಅರ್ಜಿ ಹಾಕುವ ಮುಂಚೆ ಅದು ಎಲ್ಲೂ ಬಹಿರಂಗವಾಗಿರಬಾರದು. ಇನ್‌ಸ್ಟಾಗ್ರಾಮಿಗೆ ಹಾಕಿ ಎಷ್ಟು ಲೈಕು ಬರುತ್ತದೆ ನೋಡಿ ಆಮೇಲೆ ನೋಂದಾಯಿಸೋಣ ಎನ್ನುವವರು ಆ ಲೈಕಿನಲ್ಲೇ ಹಕ್ಕನ್ನು ಕಳೆದುಕೊಂಡಿರುತ್ತಾರೆ.

ಬಟ್ಟೆಯ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ನಿಮ್ಮ ಪುಟಗಳಲ್ಲಿ “ಪ್ರೀಮಿಯಂ ಕ್ವಾಲಿಟಿ” ಎಂದಿರುತ್ತದೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ನನಗೆ ಬೇಕಾದದ್ದು ಮೂರು ಮಾತು: ಯಾವ ನೂಲು, ಎಷ್ಟು ಜಿಎಸ್‌ಎಂ, ಯಾವ ಇಂಕು. ಡಿಟಿಎಫ್ ಎಂದರೆ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮೂಡಿಸಿ, ಅಂಟಿನ ಪುಡಿ ಉದುರಿಸಿ, ಬಿಸಿಯಿಂದ ಬಟ್ಟೆಗೆ ಒತ್ತುವುದು. ಬಣ್ಣ ಚೆನ್ನಾಗಿರುತ್ತದೆ, ಯಾವ ಬಟ್ಟೆಗೂ ಕೂರುತ್ತದೆ, ಸಣ್ಣ ಅಂಗಡಿಗೆ ಅದೇ ಅನುಕೂಲ ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಎದೆ ತುಂಬ ಅಗಲದ ಚಿತ್ರವನ್ನು ಹಾಗೆ ಒತ್ತಿದರೆ ಏಪ್ರಿಲ್ ತಿಂಗಳಲ್ಲಿ ತೊಟ್ಟವನಿಗೆ ಗಾಳಿಯಾಡದೆ ಉಸಿರುಗಟ್ಟುತ್ತದೆ. ಡಿಟಿಜಿಯಲ್ಲಿ ಇಂಕು ನೇರವಾಗಿ ಹತ್ತಿಗೇ ಇಳಿಯುತ್ತದೆ, ಕಪ್ಪು ಬಟ್ಟೆಯಾದರೆ ಮೊದಲು ದ್ರಾವಣ ಸಿಂಪಡಿಸಿ ಬಿಳಿಯ ತಳ ಹಾಕಬೇಕು. ಅದು ಅವಸರದಲ್ಲಿ ಆದರೆ ಕೆಲವೇ ಒಗೆತಕ್ಕೆ ಚಿತ್ರ ಸಿಪ್ಪೆ ಏಳುತ್ತದೆ. ಸಬ್ಲಿಮೇಷನ್ ಪಾಲಿಯೆಸ್ಟರಿಗೆ ಮಾತ್ರ. ಸುಮಾರು 200 ಡಿಗ್ರಿ ಶಾಖದಲ್ಲಿ ಬಣ್ಣ ಆವಿಯಾಗಿ ಎಳೆಯೊಳಗೆ ಸೇರುತ್ತದೆ, ಹತ್ತಿಯ ಮೇಲೆ ನಿಲ್ಲುವುದಿಲ್ಲ. ಮೇಲೆ ಹೇಳಿದ ಗೋಕುಲಂ ಗಿರಾಕಿಗೆ ಬೇಕಾದ ಹಿಗ್ಗುವ ಚಲ್ಲಣಕ್ಕೆ ಇದೇ ಸರಿ. ಹತ್ತಿಯ ಥಾನಿಗೆ ರಿಯಾಕ್ಟಿವ್ ಇಂಕು, ರೇಷ್ಮೆಗೆ ಆಸಿಡ್ ಇಂಕು. ಎರಡಕ್ಕೂ ಹಬೆ ಕೊಟ್ಟು ತೊಳೆಯಬೇಕು, ಕೆಲಸ ಹೆಚ್ಚು, ಆದರೆ ಬಣ್ಣ ಬಟ್ಟೆಯದೇ ಆಗಿಬಿಡುತ್ತದೆ. ಇವುಗಳಲ್ಲಿ ನಿಮ್ಮದು ಯಾವುದೆಂದು ಒಂದು ಸಾಲು ಬರೆದರೆ ಗಿರಾಕಿ ಓಡಿಹೋಗುವುದಿಲ್ಲ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಭ್ಯಾಸವೂ ನಿಮಗಿರಲಿ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ನೊಯ್ಯಲ್ ಹೊಳೆಯನ್ನು ಹಾಳುಗೆಡವಿದವೆಂದು ಮದ್ರಾಸ್ ಹೈಕೋರ್ಟು 2011ರ ಜನವರಿಯಲ್ಲಿ ಅವನ್ನು ಮುಚ್ಚಿಸಬೇಕಾಯಿತು. ಹೊಲಸು ನೀರನ್ನು ಹೊರಗೇ ಬಿಡದ ವ್ಯವಸ್ಥೆ ಅಲ್ಲಿ ನೆಲೆಗೊಂಡದ್ದು ಆಮೇಲೆ. ನೊಯ್ಯಲ್ ಕೂಡ ಕಾವೇರಿಯನ್ನೇ ಸೇರುವ ಹೊಳೆ. ನಾಳೆ ಮೈಸೂರಿನಲ್ಲೇ ದೊಡ್ಡ ಯಂತ್ರ ಕೂರಿಸುವ ಯೋಚನೆ ಯಾರಿಗಾದರೂ ಇದ್ದರೆ ನಂಜನಗೂಡಿನ ಕಪಿಲೆಯನ್ನು ನೆನಪಿಟ್ಟುಕೊಂಡು ಯಂತ್ರ ಆರಿಸಲಿ.

ರೇಷ್ಮೆ ಎಂದೆನಲ್ಲ. ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ಕಾರ್ಖಾನೆಯಲ್ಲಿ, ನಾಲ್ವಡಿಯವರ ಕಾಲದಲ್ಲಿ 1912ರಲ್ಲಿ ಶುರುವಾದ ಕಾರ್ಖಾನೆಯಲ್ಲಿ, ಇವತ್ತಿಗೂ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ. ಮೈಸೂರು ಸಿಲ್ಕ್ ಎನ್ನುವ ಹೆಸರಿನ ಭೌಗೋಳಿಕ ಗುರುತು ಆ ಕಾರ್ಖಾನೆ ನಡೆಸುವ ಕೆಎಸ್‌ಐಸಿಯದು. ಪಾಲಿಯೆಸ್ಟರ್ ಕ್ರೇಪಿಗೆ ಅಚ್ಚು ಹಾಕಿಸಿ “ಮೈಸೂರು ಸಿಲ್ಕ್ ಡಿಜಿಟಲ್ ಪ್ರಿಂಟ್” ಎಂದು ಮಾರುವುದು ಕಾನೂನಿಗೂ ತಪ್ಪು, ಊರಿಗೂ ಮಾಡುವ ದ್ರೋಹ. ಮೈಸೂರಿನ ಮಾರಾಟಗಾರರೇ ಹೀಗೆ ಮಾಡಿದರೆ ಸೂರತ್ತಿನವರನ್ನು ಯಾವ ಬಾಯಲ್ಲಿ ಬೈಯೋಣ? ಕಸೂತಿಯ ಗೋಪುರ, ತೇರುಗಳನ್ನು ಅಚ್ಚು ಹಾಕಿ “ಕಸೂತಿ ಕುರ್ತಾ” ಎನ್ನುವುದೂ ಅದೇ ಜಾತಿಯದು. ಧಾರವಾಡದ ಹೆಂಗಸೊಬ್ಬಳು ಎಳೆ ಎಣಿಸಿ ಎಣಿಸಿ ಹಾಕಿದ್ದನ್ನು ಯಂತ್ರ ಅರೆನಿಮಿಷದಲ್ಲಿ ಉಗುಳುತ್ತದೆ. ಉಗುಳಲಿ, ಆದರೆ ಅಚ್ಚು ಎಂದು ಹೇಳಿ ಮಾರಿ. ಕೊಳ್ಳೇಗಾಲದಲ್ಲಿ, ತಿ. ನರಸೀಪುರದಲ್ಲಿ ರೇಷ್ಮೆ ಇದೆ. ಅಸಲು ರೇಷ್ಮೆ ಕೊಂಡು, ಸಿಲ್ಕ್ ಮಾರ್ಕ್ ಇರುವ ಕಡೆಯಿಂದ ಕೊಂಡು, ಅದಕ್ಕೆ ಚದದ ಎಲೆಗಳನ್ನು ಅಚ್ಚು ಹಾಕಿಸಿ ಸ್ಟೋಲ್ ಮಾಡಿ ನಿಮ್ಮದೇ ಹೆಸರಿನಲ್ಲಿ ಮಾರಿದರೆ ಬೇಡ ಎನ್ನುವವರು ಯಾರು?

ಕನ್ನಡದ ಅಕ್ಷರಗಳ ಬಗ್ಗೆ ಒಂದು ಬೇಡಿಕೆ. ಮುರಿದ ಒತ್ತಕ್ಷರವನ್ನು ಎದೆಯ ಮೇಲೆ ಹಾಕಿಸಿ ಕಳಿಸಬೇಡಿ. “ಕನ್‌ನಡ”, “ರಾಜ್‌ಯೋತ್‌ಸವ” ಎಂದು ಒಡೆದುಹೋದ ಅಂಗಿಗಳನ್ನು ನವೆಂಬರಿನಲ್ಲಿ ಕಾಣದಿರುವುದೇ ಕಷ್ಟ. ತಪ್ಪು ನಿಮ್ಮ ಕನ್ನಡದ್ದಲ್ಲ, ತಂತ್ರಾಂಶದ್ದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ, ಇಲ್ಲಸ್ಟ್ರೇಟರಿನಲ್ಲಿ ಭಾರತೀಯ ಲಿಪಿಗಳಿಗೆ ಬೇರೆಯೇ ಕಂಪೋಸರ್ ಆಯ್ಕೆ ಇರುತ್ತದೆ, ಅದನ್ನು ಒತ್ತದಿದ್ದರೆ ಒತ್ತು ಕೆಳಗೆ ಇಳಿಯುವುದಿಲ್ಲ. ಸರಿಯಾಗಿ ಮೂಡಿದ ಮೇಲೆ ಅಕ್ಷರವನ್ನು ಔಟ್‌ಲೈನ್ ಮಾಡಿಯೇ ಕಳಿಸಿ, ತಿರುಪ್ಪೂರಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟು ಇರಬೇಕೆಂದೇನಿಲ್ಲ. ಫಾಂಟಿಗೂ ಪರವಾನಗಿ ಇರುತ್ತದೆ. ಬಲೂ ತಮ್ಮ, ನೋಟೊ ಕನ್ನಡದಂಥ ಮುಕ್ತ ಫಾಂಟುಗಳನ್ನು ಮಾರುವ ಮಾಲಿನ ಮೇಲೂ ಬಳಸಬಹುದು. ಇವೆಲ್ಲಕ್ಕಿಂತ ಒಳ್ಳೆಯದು ಕೈಬರಹ. ಮೈಸೂರಿನ ಹಳೆಯ ಬೋರ್ಡು ಬರೆಯುವ ಕಲಾವಿದರು ಫ್ಲೆಕ್ಸ್ ಬಂದ ಮೇಲೆ ಕೆಲಸವಿಲ್ಲದೆ ಇದ್ದಾರೆ. ಅವರಿಂದ ನಾಲ್ಕು ಅಕ್ಷರ ಬರೆಸಿ, ಸಂಭಾವನೆ ಕೊಟ್ಟು, ಪೊಟ್ಟಣದ ಮೇಲೆ ಅವರ ಹೆಸರು ಹಾಕಿ.

ತೆರಿಗೆಯ ವಿಷಯ ನಿಮ್ಮ ಆಡಿಟರ್ ಹೇಳಲಿ, ನಾನು ಎರಡು ಮಾತಿಗೆ ನಿಲ್ಲಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದರ ಮೇಲಿನದಕ್ಕೆ ಶೇ 18 ಜಿಎಸ್‌ಟಿ. 2023ರ ಅಕ್ಟೋಬರ್‌ನಿಂದ ಚಿಕ್ಕ ಮಾರಾಟಗಾರರು ನೋಂದಣಿ ಇಲ್ಲದೆಯೂ ಆನ್‌ಲೈನ್ ವೇದಿಕೆಗಳಲ್ಲಿ ಮಾರಬಹುದು, ಆದರೆ ರಾಜ್ಯದ ಒಳಗೆ ಮಾತ್ರ. ಹಾಗಾಗಿ ಕಾಸರಗೋಡಿನ ಕನ್ನಡಿಗನಿಗೆ ರಾಜ್ಯೋತ್ಸವದ ಅಂಗಿ ಕಳಿಸಲು ಹೊರಟರೆ ಏಕೀಕರಣವಾಗದ ಗಡಿ ಮತ್ತೆ ಎದುರಾಗುತ್ತದೆ! 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಬಂದ ನೋಟಿಸುಗಳನ್ನು ನೋಡಿದ ಮೇಲೂ ಬಿಲ್ಲು ಇಟ್ಟುಕೊಳ್ಳದವರಿಗೆ ನಾನೇನು ಹೇಳಲಿ.

ಕ್ಯಾಶ್ ಆನ್ ಡೆಲಿವರಿಯನ್ನು ಮಾತ್ರ ಬಿಟ್ಟುಬಿಡಿ. ಅಂಗಡಿಯ ಮಾಲು ವಾಪಸ್ ಬಂದರೆ ಇನ್ನೊಬ್ಬರಿಗೆ ಮಾರಬಹುದು. “ಪುಟ್ಟಸ್ವಾಮಿ ಮಾವನಿಗೆ ಅರವತ್ತು” ಎಂದು ಬರೆಸಿದ ಅಂಗಿ ವಾಪಸ್ ಬಂದರೆ ಅರವತ್ತು ತುಂಬಿದ ಇನ್ನೊಬ್ಬ ಪುಟ್ಟಸ್ವಾಮಿಯನ್ನು ಹುಡುಕಿಕೊಂಡು ಹೊರಡಬೇಕಾದೀತು. ತನಗೆಂದೇ ಮಾಡಿಸಿಕೊಳ್ಳುವ ಗಿರಾಕಿ ಮುಂಗಡ ಕೊಡಲಿ. ದರ್ಜಿಗೆ ಕೊಡುತ್ತಿರಲಿಲ್ಲವೇ?

ಇಷ್ಟೆಲ್ಲ ಬರೆದ ಮೇಲೆ ನನ್ನ ಆರ್ಡರನ್ನೂ ಬರೆಯುವುದು ನ್ಯಾಯ. ಮೂರು ಮೀಟರ್ ಹತ್ತಿಯ ಬಟ್ಟೆ, ಜುಬ್ಬಾಕ್ಕೆ. ರಿಯಾಕ್ಟಿವ್ ಇಂಕು. ಚದದ ದುಂಡೆಲೆಗಳು, ಒಂದೊಂದೂ ಎರಡು ಇಂಚಿಗಿಂತ ದೊಡ್ಡದಾಗದ ಹಾಗೆ, ಒಂದು ಸಾಲು ಬಿಟ್ಟು ಒಂದು ಸಾಲು ಜರುಗಿಸಿ. ಬಣ್ಣ ಕಡಿಮೆ ಇರಲಿ. ದೇವರ ಚಿತ್ರದ ಎಲೆ ಬೇಡ, ಪ್ರಾಣಿಗಳದು ಸಾಕು. ಸ್ಕ್ಯಾನ್ ಮಾಡಿದ್ದು ಒಲ್ಲೆ, ನಿಮ್ಮ ಕೈಯ ರೇಖೆ ಇರಬೇಕು. ಇನ್ನೊಬ್ಬರು ಯಾರೂ ಇದನ್ನು ಕೊಳ್ಳದೆ ಹೋದರೂ ನಿಮಗೆ ನಷ್ಟವಿಲ್ಲ ಎಂದು ಗೊತ್ತಿರುವುದರಿಂದ ಧೈರ್ಯವಾಗಿ ಕೇಳುತ್ತಿದ್ದೇನೆ. ಹೊಲಿಗೆ ನಾನೇ ನೋಡಿಕೊಳ್ಳುತ್ತೇನೆ. ದರ ತಿಳಿಸಿ, ಹಣ ಪೂರ್ತಿ ಮುಂಗಡ.

ಇಂತಿ,
ಸರಸ್ವತಿಪುರಂನಿಂದ ಒಬ್ಬ ಗಿರಾಕಿ